ಒಂದೇ ಟಾಕಿ, ನಾಲ್ಕು ಗೇಜ್

ಶಾವಂತ್ರಿಯ ಹೆಸರಿಗೆ ಮೂತ್ರಪಿಂಡವೊಂದು ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಏಳು ನಿಮಿಷಕ್ಕೆ. ಅದು ಕೈಬಿಟ್ಟು ಹೋದದ್ದು ಹನ್ನೊಂದು ಮೂವತ್ತೇಳಕ್ಕೆ. ಈ ಒಂದೂವರೆ ತಾಸು ಅವಳು ಮನೆಯ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಕಣ್ಣು ಕೀಳದೆ ಕೂತಿದ್ದಳು. ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ.

ಪತ್ರವೇನೋ ಬಂದಿತ್ತು. ಆದರೆ ಮನೆಗಲ್ಲ, ಮೂರು ಕಿಲೋಮೀಟರ್ ಆಚೆಯ ನೀರು ಸರಬರಾಜಿನ ಕಂಟ್ರೋಲ್ ರೂಮಿಗೆ, ಅಲ್ಲಿನ ಮೂಲೆಯ ಹಳೇ ಕಂಪ್ಯೂಟರಿಗೆ. ಅಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಆ ಕಂಪ್ಯೂಟರಿನಲ್ಲಿ ಶಾವಂತ್ರಿಯ ಖಾತೆ ತೆರೆದವನು ಅವಳ ಖಾಸಾ ತಮ್ಮ ಮೈಲಾರಿ. ಜೀವ ತಡೆಯದೆ, ಏನಾದರೂ ಬಂದಿದೆಯೇನೋ ಎಂದು ಎರಡು ನಿಮಿಷ ನೋಡಿದ್ದ. ಅಷ್ಟರಲ್ಲಿ ಎಲ್ಲೋ ಪೈಪ್ ಒಡೆದ ಸುದ್ದಿ ಬಂತು, ಎದ್ದು ಓಡಿದ. ಖಾತೆ ಮುಚ್ಚಲು ಮರೆತ.

ಅಷ್ಟೇ ತಪ್ಪು. ಅಷ್ಟು ತಪ್ಪಿಗೆ ಅಷ್ಟು ದೊಡ್ಡ ಶಿಕ್ಷೆ.

ಮೈಲಾರಿ ವಾಲ್ವ್‌ಮನ್. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು. ಆಳೆತ್ತರದ ಕಬ್ಬಿಣದ ಕೀ ಹೆಗಲ ಮೇಲಿಟ್ಟುಕೊಂಡು ಹುಬ್ಬಳ್ಳಿಯ ಓಣಿ ಓಣಿ ಸುತ್ತಿ, ರಸ್ತೆಯ ಗುಂಡಿಗೆ ಇಳಿದು, ಈ ಓಣಿಯ ನೀರು ಬಂದ್ ಮಾಡಿ ಆ ಓಣಿಗೆ ಬಿಡುವುದು ಅವನ ಕೆಲಸ. ಮನುಷ್ಯ ಚಂದ್ರನ ಮೇಲೆ ಮನೆ ಕಟ್ಟಿ ಹತ್ತು ವರ್ಷವಾಗಿತ್ತು. ಹುಬ್ಬಳ್ಳಿಗೆ ನೀರು ಮಾತ್ರ ಇನ್ನೂ ಐದು ದಿನಕ್ಕೊಮ್ಮೆ.

ಪತ್ರವೊಂದು ಒಂದೇ ಕಡೆ ಬೀಳುವ ಈ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ಸುಳ್ಳು ಯಂತ್ರಗಳ ಕಾಲ ಅಂತ ಒಂದಿತ್ತು. ಯಾರ ದನಿ ಬೇಕೋ ಅವರ ದನಿ, ಯಾರ ಸಹಿ ಬೇಕೋ ಅವರ ಸಹಿಯನ್ನು ಯಂತ್ರಗಳು ಚಿಟಿಕೆ ಹೊಡೆಯುವುದರಲ್ಲಿ ಮಾಡಿಕೊಡುತ್ತಿದ್ದವು. ತೀರಿಹೋದ ಅಪ್ಪನ ದನಿಯಲ್ಲಿ ಫೋನ್ ಬಂದು ಮಕ್ಕಳು ಮನೆ ಬರೆದುಕೊಟ್ಟದ್ದುಂಟು. ಆಮೇಲೆ ವಿಜ್ಞಾನಿಗಳು ಏಕಪ್ರತಿ ಮೇಲ್ ಕಂಡುಹಿಡಿದರು. ಪತ್ರವನ್ನು ಬೆಳಕಿನ ಕಣಗಳಲ್ಲಿ ಕಟ್ಟಿ ಸಾಸಿವೆಯಷ್ಟು ಗಾಜಿನ ಕಾಳಿನೊಳಗೆ ಕೂಡಿಹಾಕುವ ವಿದ್ಯೆ ಅದು. ಅಂಥ ಬೆಳಕಿನ ನಕಲು ತೆಗೆಯಲು ಪ್ರಕೃತಿಯೇ ಬಿಡುವುದಿಲ್ಲ. ನಕಲು ತೆಗೆಯಲು ಹೋದರೆ ಮೂಲವೇ ಕೆಡುತ್ತದೆ, ಬರೀ ಓದಿದರೆ ಕೆಡುವುದಿಲ್ಲ. ಹಾಗಾಗಿ ಸುಳ್ಳು ಪತ್ರ ಹುಟ್ಟುವಂತಿಲ್ಲ. ಒಳ್ಳೆಯದೇ. ಆದರೆ ಖಾತೆಯನ್ನು ಕೊನೆಯ ಸಲ ಯಾವ ಕಂಪ್ಯೂಟರಿನಲ್ಲಿ ತೆರೆದಿರುತ್ತೀರೋ ಪತ್ರದ ಬೆಳಕು ಅಲ್ಲಿಗೇ ಹರಿದುಹೋಗಿ ಅಲ್ಲೇ ಉಳಿಯುತ್ತದೆ. ಉಳಿದ ಕಂಪ್ಯೂಟರುಗಳಿಗೆ ಕತ್ತಲೆ. ಫೋನಿನ ಮಾತನ್ನು ಯಾವ ಕಚೇರಿಯೂ ಮಾತೆಂದು ಒಪ್ಪುವುದಿಲ್ಲ. ಕೋರ್ಟಿನ ನೋಟೀಸು, ಪಿಂಚಣಿಯ ಕರೆ, ಅಂಗದಾನದ ಕರೆ, ಎಲ್ಲವೂ ಏಕಪ್ರತಿಯಲ್ಲಿಯೇ.

ಇದಕ್ಕೆ ಜನ ಹೇಗೆ ಹೊಂದಿಕೊಂಡರು ಎಂದರೆ, ಮನೆಗೊಬ್ಬರು 'ಪೆಟಗಿ ಕಾಯುವವರು' ಹುಟ್ಟಿಕೊಂಡರು. ಕಂಪ್ಯೂಟರಿನ ಮುಂದೆ ಒಬ್ಬರು ಕೂತೇ ಇರಬೇಕು. ಮೈಲಾರಿಯ ಓಣಿಯಲ್ಲಿ ಪಿಂಚಣಿಯ ಪತ್ರ ಕಾಯುತ್ತಾ ತನ್ನ ತಂಗಿಯ ಮದುವೆಗೇ ಹೋಗದವಳಿದ್ದಳು. ದೊಡ್ಡವರ ಮನೆಯಲ್ಲಿ ಪೆಟಗಿ ಕಾಯಲು ಆಳಿಟ್ಟುಕೊಳ್ಳುತ್ತಿದ್ದರು. ಬಡವರು ತಮ್ಮ ಬದುಕಿನ ಒಂದು ತುಂಡನ್ನೇ ಕತ್ತರಿಸಿ ಆ ಪರದೆಯ ಮುಂದೆ ಕೂರಿಸುತ್ತಿದ್ದರು. ಇದನ್ನು ಯಾವ ವಿಜ್ಞಾನಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೈಲಾರಿ ಹೊಸ್ತಿಲ ಮೇಲೆ ಕುಕ್ಕರಿಸಿದ್ದ. ಒಳಗೆ ಬರುವ ಧೈರ್ಯವಿರಲಿಲ್ಲ.

"ಬೈಯಿ ಅಕ್ಕಾ. ಒಂದ್ಸಲ ಬಾಯ್ತುಂಬ ಬೈದಬಿಡು."

ಶಾವಂತ್ರಿ ಹೊಲಿಗೆ ಯಂತ್ರಕ್ಕೆ ಒರಗಿಕೊಂಡಿದ್ದಳು. ಮೂವತ್ತೆರಡರ ಪ್ರಾಯ, ಮುಖ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. "ಬೈಯಾಕ ದಮ್ಮ ಬೇಕಲೋ ತಮ್ಮಾ. ನಾಳೆ ಡಯಾಲಿಸಿಸ್ ಮಾಡಿಸ್ಕೊಂಡ ಬಂದು ಬೈತೇನಿ, ತಡಿ."

"ನಗಬ್ಯಾಡ."

"ಮತ್ತೇನ್ ಅಳ್ಲೇನು? ಅದು ಯಾರಿಗೆ ಹೋತು?"

"ಬೆಳಗಾವ್ಯಾಗಿನ ಯಾರಿಗೋ. ಪಟ್ಟಿಯೊಳಗ ನಿನ್ನ ಹಿಂದಿನ ಹೆಸರು."

"ಹೌದಾ? ಅವರ ಮನ್ಯಾಗ ಇವತ್ತ ಹೋಳಿಗಿ ಮಾಡತಿರಬೇಕು ನೋಡು," ಅಂದಳು. ಆ ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಮೈಲಾರಿಗೆ ಅದೇ ಹೆಚ್ಚು ಚುಚ್ಚಿತು.

ಅವ್ವ ಫಕೀರವ್ವ ಮಾರ್ಕೆಟ್ ಯಾರ್ಡಿನಿಂದ ಬಂದಳು. ಅಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅವಳದು. ಬೆರಳು ಹತ್ತೂ ಕೆಂಪು. ಸುದ್ದಿ ಕೇಳಿದವಳೇ ಕೈ ತೊಳೆಯದೆ ಕಂಪ್ಯೂಟರಿನ ಮುಂದೆ ಚಾಪೆ ಹಾಸಿದಳು.

"ನಾಳಿಂದ ನಾನ ಕೂಡತೇನಿ. ಇಬ್ಬರೂ ನಿಮ್ಮ ನಿಮ್ಮ ಕೆಲಸಾ ನೋಡ್ಕೊಳ್ರಿ."

"ಯವ್ವಾ, ನಿನಗ ಓದಾಕ ಬರೂದಿಲ್ಲ," ಶಾವಂತ್ರಿ ಅಂದಳು.

"ಹಸರ ಪಟ್ಟಿ ಬಂದ್ರ ಕಣ್ಣಿಗೆ ಕಾಣೂದಿಲ್ಲೇನು? ಅಂಗದಾನದ್ದು ಹಸರ ಪಟ್ಟಿ. ಅಷ್ಟ ಸಾಕು."

ಡಾಕ್ಟರು ಹೇಳಿದ್ದು ಮೂವರ ತಲೆಯಲ್ಲೂ ಇತ್ತು. ಡಯಾಲಿಸಿಸ್ ಸೂಜಿ ಚುಚ್ಚುವ ರಕ್ತನಾಳ ಮೂರನೆಯ ಸಲ ಕಟ್ಟಿಕೊಂಡಿದೆ. ಹೀಗೇ ಇನ್ನೊಂದು ಆರು ತಿಂಗಳು. ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಮೇಲೆಯೇ ಇತ್ತು. ನಾಳೆಯೇ ಕರೆ ಬರಬಹುದು, ಬಂದರೆ ಒಂದೂವರೆ ತಾಸಿನಲ್ಲಿ ಅವಳದೇ ಹೆಬ್ಬೆಟ್ಟು ಒತ್ತಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿರುತ್ತಾಳೆ. ಪತ್ರ ಆಗಲೇ ಬಂದರೆ?

ಈ ಪ್ರಶ್ನೆ ಹಿಡಿದುಕೊಂಡು ಮೈಲಾರಿ ಮರುದಿನ ಏಕಪ್ರತಿ ಪ್ರಾಧಿಕಾರದ ಕೇಂದ್ರಕ್ಕೆ ಹೋದ. ಊರಾಚೆಯ ಗುಡ್ಡದ ಮೇಲೆ, ಗೋಡೆಗಳೆಲ್ಲ ಗಾಜಿನವು. ಕೌಂಟರಿನವನು ಅವನ ಅರ್ಜಿಯನ್ನು ಓದಿ, ಅವನ ಮಣ್ಣು ಮೆತ್ತಿದ ಪ್ಯಾಂಟು ನೋಡಿ, ಮತ್ತೊಮ್ಮೆ ಅರ್ಜಿ ಓದಿದ.

"ಒಂದೇ ಖಾತೆ ನಾಲ್ಕು ಕಂಪ್ಯೂಟರಿನಲ್ಲಿ ಬೇಕಾ? ಎಷ್ಟನೇ ಇಯತ್ತೆ ಓದೀರಿ?"

"ಎಂಟು. ಅದಕ್ಕೂ ಇದಕ್ಕೂ ಏನ್ರಿ ಸಂಬಂಧ?"

"ಭೌತಶಾಸ್ತ್ರ ಒಂಬತ್ತರಾಗ ಬರ್ತದ್ರಿ." ಪಕ್ಕದವನು ಕಿಸಕ್ಕೆಂದ.

ಮೈಲಾರಿಯ ಕಿವಿ ಕಾದವು. "ನಿಮ್ಮ ಮನೀಗೆ ಇವತ್ತ ನೀರ್ ಬರೂ ದಿನ ಹೌದಲ್ರೀ? ನವನಗರ ಅಲ್ಲೇನು?" ಅಂದ. "ಎಂಟನೇತ್ತೆಯವನು ಕೀ ತಿರುವಿದರನ ಬರ್ತೈತಿ, ನೆನಪಿರ್ಲಿ."

ಗದ್ದಲಕ್ಕೆ ಒಳಗಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಧಾರವಾಡದ ವಿಭಾವರಿ, ಈ ಕೇಂದ್ರದ ಮುಖ್ಯ ಎಂಜಿನಿಯರ್. ಗಾಜಿನ ಕಾಳುಗಳ ತಟ್ಟೆಗಳನ್ನು ಇಲ್ಲಿ ಕೂರಿಸಿದವಳೇ ಅವಳು. ಅವನನ್ನು ಒಳಗೆ ಕರೆದೊಯ್ದು ತೋರಿಸಿದಳು. ಅಡಿಕೆ ತಟ್ಟೆಯಷ್ಟಗಲದ ತಟ್ಟೆಗಳು, ಒಂದೊಂದರಲ್ಲೂ ಲಕ್ಷ ಕಾಳು. ಮಿಣುಕುವ ಕಾಳಿನಲ್ಲಿ ತೆರೆಯದ ಪತ್ರವಿದೆ. ಯಾರೋ ಎಲ್ಲೋ ಖಾತೆ ತೆರೆದಾಗ ಬೆಳಕು ಅತ್ತ ಹೋಗುತ್ತದೆ, ಇಲ್ಲಿ ಕಾಳು ಆರುತ್ತದೆ.

"ನಿಮ್ಮ ಅಕ್ಕನ ಸುದ್ದಿ ಅರ್ಜಿಯೊಳಗ ಓದಿದೆ. ಮನಸಿಗೆ ಭಾಳ ಕೆಟ್ಟನಸ್ತು," ಅಂದಳು. "ಆದ್ರ ಒಂದು ಬೆಳಕು ಎರಡು ಕಡೆ ಇರೂದಿಲ್ಲ್ರಿ ಮೈಲಾರಿ. ಅದು ನನ್ನ ಕಾಯ್ದೆ ಅಲ್ಲ, ಸೃಷ್ಟಿದು."

"ನನಗ ಎರಡು ಪತ್ರ ಬ್ಯಾಡ್ರಿ ಮೇಡಂ. ಒಂದ ಇರಲಿ. ನಾಕು ಕಡೆ ಕಾಣಬೇಕು."

"ಕಾಣಬೇಕಂದ್ರ ಅಲ್ಲಿ ಇರಬೇಕಲ್ಲ."

ಮೈಲಾರಿಗೆ ಅವಳು ಹೇಳಿದ್ದು ಸರಿಯೆನಿಸಿತು. ಸರಿಯೆನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ಗುಡ್ಡ ಇಳಿಯುವಾಗ ಕಂಡ ಕಲ್ಲನ್ನೆಲ್ಲ ಒದ್ದ.

ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ದಾದಾಪೀರ್ ಚಾಚಾ ಬುತ್ತಿ ಬಿಚ್ಚಿದ್ದರು. ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತು ಊರಿನ ನೀರಿನ ಮಟ್ಟ ನೋಡಿದ ಮನುಷ್ಯ.

"ಏ ಮೈಲ್ಯಾ, ರೊಟ್ಟಿ ಮ್ಯಾಲ ಸಿಟ್ಟ ತೀರಿಸಬ್ಯಾಡೋ. ರೊಟ್ಟಿ ಏನ್ ಮಾಡೇತಿ ನಿನಗ? ಗುಡ್ಡದ ಟಾಕ್ಯಾಗ ನೀರು ಎಷ್ಟೈತಿ ನೋಡು."

ಮೈಲಾರಿ ಗೋಡೆಯ ಗೇಜ್ ನೋಡಿದ. "ಹನ್ನೊಂದು ಅಡಿ."

ಚಾಚಾ ಫೋನಿನಲ್ಲಿ ಪಂಪ್‌ಹೌಸಿನವನನ್ನು ಕೇಳಿದರು. "ನಿನ್ನ ಗೇಜ್ ಎಷ್ಟ ತೋರಿಸ್ತದಲೇ? ಹನ್ನೊಂದಾ? ಸರಿ." ಟಾಕಿಯ ಬುಡದ ಕಾವಲುಗಾರನನ್ನೂ ಕೇಳಿದರು. ಅವನದೂ ಹನ್ನೊಂದು.

ಮೈಲಾರಿಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು.

"ಚಾಚಾ. ನೀರು ಎಲ್ಲೈತಿ?"

"ಟಾಕಿಯೊಳಗ. ಮತ್ತೆಲ್ಲಿ, ನನ್ನ ಕಿಸೆದಾಗೇನು?"

"ನಮ್ಮ ಗೇಜಿಗೆ ನೀರ್ ಬಂದೈತೇನು?"

"ತಲಿ ಕೆಟ್ಟೈತೇನೋ? ಗೇಜಿಗೆ ಯಾಕ ನೀರ ಬರತದ? ಟಾಕಿಯೊಳಗ ಒಂದು ಚೆಂಡು ತೇಲತದ, ಅದು ಹೇಳತದ, ಮೂರು ಕಡೆ ಮುಳ್ಳು ತಿರಗತದ."

ಮೈಲಾರಿ ಎದ್ದವನು ಕೈ ತೊಳೆಯಲೂ ನಿಲ್ಲಲಿಲ್ಲ. ಅಂದು ಎರಡನೆಯ ಸಲ ಗುಡ್ಡ ಹತ್ತಿದ. ಕೌಂಟರಿನವನು ಅಡ್ಡ ಬಂದರೆ ತಳ್ಳಿಕೊಂಡೇ ಹೋದ.

"ಮೇಡಂ, ಟಾಕಿ ನೀರು ಟಾಕಿಯೊಳಗ ಇರಲಿ. ನಿಮ್ಮ ಕಾಳು ಇಲ್ಲೇ ಇರಲಿ, ಬೆಳಕು ಎಲ್ಲಿಗೂ ಕಳಸಬ್ಯಾಡ್ರಿ. ಆ ಕಾಳಿನ ಮಗ್ಗಲಕ ಒಂದು ಕಣ್ಣ ಕೂಡಸ್ರಿ. ಕಣ್ಣು ಓದ್ಲಿ. ಓದಿದ್ದನ್ನಷ್ಟ ಹೇಳಿ ಕಳಸಲಿ. ನಮ್ಮ ಕಂಪ್ಯೂಟರ್ ಎಲ್ಲಾ ಬರೇ ಗೇಜು."

ವಿಭಾವರಿ ಖಾಲಿ ಹಾಳೆ ಎಳೆದುಕೊಂಡಳು. ಕಾಳೊಂದು, ಅದರ ಪಕ್ಕ ಕಣ್ಣೊಂದು ಬರೆದು, "ಆ ಕಣ್ಣು ಸುಳ್ಳು ಹೇಳಿದ್ರ? ಇಷ್ಟೆಲ್ಲಾ ಮಾಡಿದ್ದು ಸುಳ್ಳಿಗೆ ಹೆದರಿ," ಅಂದಳು.

"ಗೇಜೂ ಸುಳ್ಳು ಹೇಳತಾವ್ರಿ. ಅದಕ್ಕ ಒಂದು ಟಾಕಿಗೆ ಎರಡು ಚೆಂಡು ಬಿಟ್ಟಿರತೇವಿ. ಎರಡೂ ಒಂದ ಮಟ್ಟ ತೋರಿಸಲಿಲ್ಲಂದ್ರ ಗಂಟಿ ಬಾರಸ್ತೈತಿ."

"ಎರಡು ಕಣ್ಣು," ಅವಳು ತನಗೆ ತಾನೇ ಅಂದುಕೊಂಡಳು. "ಒಂದಕ್ಕೊಂದು ಪರಿಚಯ ಇಲ್ಲದ ಎರಡು ಕಣ್ಣು. ಮೂಲ ಬೆಳಕು ಇಲ್ಲೇ ಸಾಕ್ಷಿಗೆ ಇರತದ. ಉತ್ತರಾನೂ ಇಲ್ಲೇ ಬಂದು ಬೀಳತದ. ಒಬ್ಬರು ಉತ್ತರ ಕೊಟ್ಟರ ಎಲ್ಲಾ ಕಡೆ ಗೊತ್ತಾಗತದ..." ತಲೆಯೆತ್ತಿದಳು. "ಇಪ್ಪತ್ತು ವರ್ಷ, ಮೈಲಾರಿ. ಇಪ್ಪತ್ತು ವರ್ಷ ನಾವು ಟಾಕೀನ ಹೊತ್ತೊಯ್ದು ಮನಿ ಮನಿಗೆ ಕೊಡಾಕತ್ತಿದ್ವಿ."

ಹದಿನೈದು ದಿನದಲ್ಲಿ ಒಂದು ಕಾಳಿಗೆ ಎರಡು ಕಣ್ಣು ಕೂತವು. ಪ್ರಯೋಗಕ್ಕೆ ಶಾವಂತ್ರಿಯ ಖಾತೆ. ನಾಲ್ಕು ಗೇಜ್: ಮನೆಯದು, ಕಂಟ್ರೋಲ್ ರೂಮಿನದು, ಫಕೀರವ್ವ ಕೆಲಸ ಮಾಡುವ ಯಾರ್ಡಿನ ತೂಕದ ಕಟ್ಟೆಯದು, ಡಯಾಲಿಸಿಸ್ ವಾರ್ಡಿನದು. ಸೋಮವಾರ ಬೆಳಿಗ್ಗೆ ಎಂಟಕ್ಕೆ, ಶಾವಂತ್ರಿ ಡಯಾಲಿಸಿಸ್‌ಗೆ ಹೊರಡುವ ಮುಂಚೆ, ವಿಭಾವರಿ ಒಂದು ಪರೀಕ್ಷೆಯ ಪತ್ರ ಬಿಟ್ಟಳು. 'ಶಾವಂತ್ರಿಗೆ ನಮಸ್ಕಾರ' ಅಂತ ಎರಡೇ ಪದ, ಹಸಿರು ಪಟ್ಟಿ ಸಮೇತ.

ಮನೆಯಲ್ಲಿ ಶಾವಂತ್ರಿ ಕೂಗಿದಳು, "ಬಂತು!" ಕಂಟ್ರೋಲ್ ರೂಮಿನಿಂದ ಚಾಚಾ ಫೋನ್ ಮಾಡಿದರು, "ಇಲ್ಲೂ ಐತಿ!" ವಾರ್ಡಿನ ನರ್ಸಮ್ಮ ಹೇಳಿದಳು, "ನಮ್ಮಲ್ಲೂ ಕಾಣಸ್ತದ." ಕೇಂದ್ರದ ತಟ್ಟೆಯಲ್ಲಿ ಕಾಳು ಆರದೆ ಮಿಣುಕುತ್ತಲೇ ಇತ್ತು. ಏಕಪ್ರತಿ ಹುಟ್ಟಿದಂದಿನಿಂದ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮೈಲಾರಿ ಗಾಜಿಗೆ ಮೂಗು ಒತ್ತಿ ನಿಂತ.

ಅವನು ನೋಡುತ್ತಿದ್ದಂತೆಯೇ ಕಾಳು ಆರಿತು.

ಮನೆಯಲ್ಲಿ ಖಾಲಿ. ಕಂಟ್ರೋಲ್ ರೂಮಿನಲ್ಲಿ ಖಾಲಿ. ವಾರ್ಡಿನಲ್ಲಿ ಖಾಲಿ. ಆಮೇಲೆ ಯಾರ್ಡಿನಿಂದ ಫಕೀರವ್ವನ ಫೋನು.

"ಬಂದಿತ್ತೋ ಮೈಲಾರಿ! ಹಸರ ಪಟ್ಟಿ! ತೂಕದವರ ಕಡಿಂದ ಓದಿಸಿದೆ. ಓದಿಸಿ ಒರಸಿಬಿಟ್ಟೆ."

"ಒರಸಿದ್ಯಾ?"

"ಮತ್ತ! ಓದಿದ್ದನ್ನ ಒರಸಬೇಕಲ್ಲ. ಪೆಟಗಿ ತುಂಬಿದ್ರ ಮುಂದಿನ ಪತ್ರ ಎಲ್ಲಿ ಕೂಡಬೇಕು?"

ತಪ್ಪು ಅವಳದಲ್ಲ. ಬಡವರ ಮನೆಯ ಕಂಪ್ಯೂಟರಿನಲ್ಲಿ ನಲವತ್ತೇ ಕಾಳು. ನಲವತ್ತು ತುಂಬಿದರೆ ಹೊಸ ಪತ್ರ ಒಳಗೆ ಬಾರದು. ಅಕ್ಷರ ಬಾರದ ಫಕೀರವ್ವ ಕಂಪ್ಯೂಟರಿನ ವಿದ್ಯೆಯಲ್ಲಿ ಕಲಿತಿದ್ದು ಒಂದೇ, ಓದಿಸಿದ ಕೂಡಲೇ ಕೆಂಪು ಗುರುತು ಒತ್ತಿ ಒರೆಸುವುದು. ಮಗಳ ಮೂತ್ರಪಿಂಡಕ್ಕೆ ಜಾಗ ಖಾಲಿ ಇರಲಿ ಅಂತ ದಿನಾ ಅಷ್ಟು ಶ್ರದ್ಧೆಯಿಂದ ಒರೆಸುತ್ತಿದ್ದಳು. ಈಗ ಅವಳು ಒರೆಸಿದ್ದು ತನ್ನ ಗೇಜನ್ನಲ್ಲ, ಟಾಕಿಯನ್ನೇ.

ಈ ಸುದ್ದಿ ಸಂಜೆಯೊಳಗೆ ಕೇಂದ್ರದ ನಿರ್ದೇಶಕ ಸುದರ್ಶನ್ ಅವರ ಕಿವಿಗೆ ಬಿತ್ತು. ಬೆಂಗಳೂರಿನಿಂದ ವರ್ಗವಾಗಿ ಬಂದವರು, ಇಸ್ತ್ರಿ ಮುರಿಯದ ಮನುಷ್ಯ.

"ನೋಡಿ ವಿಭಾವರಿ, ಮೆಣಸಿನಕಾಯಿ ಬಿಡಿಸೋ ಹೆಂಗಸು ಒಂದು ಬೆರಳು ಒತ್ತಿದರೆ ನಾಲ್ಕು ಕಡೆ ಪತ್ರ ಮಾಯ. ಅದೇ ನಿಜವಾದ ಕರೆ ಆಗಿದ್ದರೆ? ನಿಲ್ಲಿಸಿ ಇದನ್ನ."

"ಆದೇಶ ಬರಹದಾಗ ಕೊಡ್ರಿ ಸರ್. ಏಕಪ್ರತಿಯೊಳಗ. ನಿಯಮ ಹಂಗೈತಿ."

"ಕೊಡ್ತೀನಿ. ಶುಕ್ರವಾರದೊಳಗೆ ಮುಖ್ಯ ಕಚೇರಿಯಿಂದ ತರಿಸ್ತೀನಿ."

ಮೈಲಾರಿ ಅಲ್ಲಿ ಬಾಗಿಲ ಬಳಿಯೇ ನಿಂತಿದ್ದ. ಅವ್ವನನ್ನು 'ಮೆಣಸಿನಕಾಯಿ ಬಿಡಿಸೋ ಹೆಂಗಸು' ಎಂದದ್ದು ಎದೆಯಲ್ಲಿ ಕೆಂಡವಾಗಿ ಕೂತಿತು. ಮನೆಗೆ ಬಂದರೆ ಫಕೀರವ್ವ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

"ನನ್ನ ಕೈ ಕತ್ತರಿಸಿ ಒಗಿ," ಅಂದಳು.

"ಕೈ ಯಾಕ ಕತ್ತರಸ್ಲಿ? ನಿನ್ನ ಕೈಯಿಂದನ ಗೊತ್ತಾತು," ಅಂದ ಮೈಲಾರಿ. ಆ ಮಾತು ಅವಳನ್ನು ಸಮಾಧಾನ ಮಾಡಲು ಹುಟ್ಟಿದ್ದು, ಆದರೆ ಆಡಿದ ಮೇಲೆ ನಿಜವೆನಿಸಿತು. "ಯವ್ವಾ, ನಮ್ಮ ಟಾಕಿ ತಳಕ್ಕ ಕೆಸರು ಬಿಡೂ ವಾಲ್ವ್ ಇರತೈತಿ. ಅದನ್ನ ತಗದ್ರ ಇಡೀ ಟಾಕಿ ಖಾಲಿ. ಅದಕ್ಕ ಅದರ ಕೀಲಿ ಇಬ್ಬರ ಹತ್ರ ಇರತೈತಿ. ನನ್ನಂದೊಂದು, ಚಾಚಾಂದೊಂದು. ಎರಡೂ ಕೂಡಿದ್ರನ ತೆರಿತೈತಿ."

ಶಾವಂತ್ರಿ ಹಾಸಿಗೆಯಿಂದಲೇ ಅಂದಳು: "ಹಂಗಾರ ಅವ್ವ ಒರಸಿದ್ರ ಅವ್ವನ ಗೇಜಷ್ಟ ಒರಸಲಿ. ನಾನೂ ಒರಸು ಅಂದ್ರ ಮಾತ್ರ ಟಾಕಿ ಖಾಲಿ ಆಗಲಿ."

"ಅಷ್ಟ!"

ಮಂಗಳವಾರ ಬೆಳಿಗ್ಗೆ ಮೈಲಾರಿ ಅದನ್ನೇ ವಿಭಾವರಿಗೆ ಹೇಳಿದ. ಗುರುವಾರ ಸಂಜೆಗೆ ಎರಡು ಕೀಲಿಯ ಒರೆಸು ಸಿದ್ಧವಾಯಿತು. ಫಕೀರವ್ವನನ್ನೇ ಕರೆದು ಕೆಂಪು ಗುರುತನ್ನು ಹತ್ತು ಸಲ ಒತ್ತಿಸಿದರು. ಹತ್ತು ಸಲವೂ ಅವಳ ಪರದೆ ಬರಿದಾಯಿತು, ತಟ್ಟೆಯ ಕಾಳು ಮಿಣುಕುತ್ತಲೇ ಇತ್ತು. ಹತ್ತನೆಯ ಸಲಕ್ಕೆ ಅವಳಿಗೆ ನಗು ಬಂತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕರು ಕೇಂದ್ರಕ್ಕೆ ಬಂದರು. ಮೈಲಾರಿಯೂ ಇದ್ದ.

"ಆದೇಶ ಬಂದಿದೆ. ಮುಚ್ಚಿ."

ವಿಭಾವರಿ ಪರದೆಯನ್ನು ಅವರತ್ತ ತಿರುಗಿಸಿದಳು. "ನಿಮ್ಮ ಖಾತೆ ತಗದು ತೋರಸ್ರಿ ಸರ್."

ತೆರೆದರು. ಖಾಲಿ.

"ಬಂದಿದೆ ಕಣ್ರೀ. ಬೆಳಿಗ್ಗೆ ನಾನೇ ಓದಿದೀನಿ. ಕಾಫಿ ಕುಡಿತಾ..." ನಿರ್ದೇಶಕರು ಅಲ್ಲಿಗೇ ನಿಂತರು.

"ಎಲ್ಲಿ ಕುಡದ್ರಿ ಸರ್ ಕಾಫಿ?" ಮೈಲಾರಿ ಕೇಳಿದ.

ಅವರ ಮನೆ ಧಾರವಾಡದಲ್ಲಿ. ಆದೇಶದ ಬೆಳಕು ಅವರ ಮನೆಯ ಕಂಪ್ಯೂಟರಿನೊಳಗೆ ಇಳಿದು ಅಲ್ಲೇ ಕೂತಿತ್ತು. ಅದನ್ನು ಇಲ್ಲಿಗೆ ಕಳಿಸಲು ಅವರೇ ಹೋಗಿ ಹೆಬ್ಬೆಟ್ಟು ಒತ್ತಬೇಕು. ಹೋಗಲು ಇಪ್ಪತ್ತು ಕಿಲೋಮೀಟರ್, ಬರಲು ಇಪ್ಪತ್ತು. ಕೌಂಟರಿನವನು ಮುಖ ಬೇರೆ ಕಡೆ ತಿರುಗಿಸಿಕೊಂಡ, ಭುಜ ಮಾತ್ರ ಕುಣಿಯುತ್ತಿದ್ದವು. ನಿರ್ದೇಶಕರು ಡ್ರೈವರನನ್ನು ಕೂಗುತ್ತಾ ಮೆಟ್ಟಿಲಿಳಿದರು.

ಮೈಲಾರಿಗೆ ಫೋನ್ ಬಂತು. ಗಣೇಶಪೇಟೆಯಲ್ಲಿ ವಾಲ್ವ್ ಸೋರುತ್ತಿದೆ. ಹೊರಟ.

ಹನ್ನೊಂದೂ ಇಪ್ಪತ್ತಕ್ಕೆ ಅವನು ಗುಂಡಿಯೊಳಗೆ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ. ದಡದ ಮೇಲೆ ಅಂಗಿಯೊಳಗೆ ಸುತ್ತಿಟ್ಟ ಫೋನು ಒದರಿತು. ಮೇಲೆ ನಿಂತಿದ್ದ ಹೂವಿನವಳು ಅದನ್ನು ಅವನ ಕಿವಿಗೆ ಹಿಡಿದಳು.

"ಮೈಲ್ಯಾ!" ದಾದಾಪೀರ್ ಚಾಚಾರ ದನಿ ಒಡೆದು ಚೂರಾಗಿತ್ತು. "ಹಸರ ಪಟ್ಟಿ! ಪರೀಕ್ಷಾ ಅಲ್ಲೋ ಇದು, ಖರೆ! ದಾನದ ಕಚೇರಿಯಿಂದ!"

ಮೈಲಾರಿ ಗುಂಡಿಯಿಂದ ಹೇಗೆ ಮೇಲೆ ಬಂದನೋ ಅವನಿಗೇ ತಿಳಿಯದು. ಕೀ ಅಲ್ಲೇ ಬಿಟ್ಟ, ಅಂಗಿ ಅಲ್ಲೇ ಬಿಟ್ಟ. ಶುಕ್ರವಾರ. ಶಾವಂತ್ರಿ ಒಂಬತ್ತರಿಂದ ಡಯಾಲಿಸಿಸ್ ಹಾಸಿಗೆಯಲ್ಲಿ. ವಾರ್ಡಿನ ಕಂಪ್ಯೂಟರ್ ಹಾಸಿಗೆಯ ಬಳಿಯೇ ಇದೆ, ಹೌದು. ಆದರೆ ಅದು ಚಾಲೂ ಇದೆಯೋ ಇಲ್ಲವೋ. ಅವಳಿಗೆ ನಿದ್ದೆ ಬಂದಿದ್ದರೆ? ನರ್ಸಮ್ಮ ಪರದೆ ಮುಚ್ಚಿದ್ದರೆ? ಒಮ್ಮೆ ಕೈಸುಟ್ಟುಕೊಂಡವನಿಗೆ ಯಾವ ಯಂತ್ರದ ಮೇಲೂ ನಂಬಿಕೆ ಇರಲಿಲ್ಲ, ತಾನೇ ಹುಟ್ಟಿಸಿದ ಯಂತ್ರದ ಮೇಲೂ. ಬರಿಮೈಯಲ್ಲಿ, ಕೆಸರು ಸುರಿಸುತ್ತಾ ಕೊಪ್ಪೀಕರ್ ರಸ್ತೆ ತುಂಬ ಓಡಿದ. ಎದುರು ಬಂದ ಆಟೋದವನು "ಹುಚ್ಚ ಹಿಡದೈತೇನಲೇ?" ಅಂದ. "ಹೌದು!" ಅಂತ ಕೂಗಿ, ಅದೇ ಆಟೋ ಹತ್ತಿ ಕೂತ.

ವಾರ್ಡಿನ ಬಾಗಿಲಲ್ಲಿ ಫಕೀರವ್ವ ಡಿಕ್ಕಿ ಹೊಡೆದಳು. ಅವಳೂ ಯಾರ್ಡಿನಲ್ಲಿ ಹಸಿರು ಪಟ್ಟಿ ಕಂಡು, ಮಡಿಲ ತುಂಬ ಮೆಣಸಿನಕಾಯಿ ಹಾಗೇ ಇಟ್ಟುಕೊಂಡು ಓಡಿ ಬಂದಿದ್ದಳು. ಬಾಗಿಲು ತಳ್ಳುತ್ತಿದ್ದಂತೆ ಮಡಿಲು ಬಿಚ್ಚಿ ಕಾಯಿಯೆಲ್ಲ ನೆಲಕ್ಕೆ ಸುರಿಯಿತು. ಘಾಟಿಗೆ ಹಾಸಿಗೆ ಹಾಸಿಗೆಯಿಂದ ಸೀನು.

"ಆಕ್ಷೀ! ಯಾರ್ರೀ ಇವರನ್ನ ಒಳಗ ಬಿಟ್ಟಿದ್ದು?" ನರ್ಸಮ್ಮ ಕಣ್ಣೊರೆಸಿಕೊಂಡಳು.

"ಅಕ್ಕಾ! ಹೆಬ್ಬಟ್ಟ! ಹೆಬ್ಬಟ್ಟ ಒತ್ತ ಲಗೂನ!" ಮೈಲಾರಿ ಏದುಸಿರಿನಲ್ಲೇ ಕೂಗಿದ.

ಕಿಟಕಿಯ ಬಳಿಯ ಹಾಸಿಗೆಯಲ್ಲಿ ಶಾವಂತ್ರಿ ತಲೆಯೆತ್ತಿದಳು. ಒಂದು ತೋಳಿನಲ್ಲಿ ಸೂಜಿ. ಇನ್ನೊಂದು ಕೈ ಪರದೆಯ ಮೇಲೆ.

"ಯಾಕ ಹಿಂಗ ಓಡಿ ಬಂದ್ರಿ ಇಬ್ಬರೂ? ಬಂದ ಮೂರನೇ ನಿಮಿಷಕ್ಕ ಒತ್ತೇನಿ." ಅವಳು ಸೀನಿದಳು, ಸೀನುತ್ತಲೇ ನಕ್ಕಳು. "ನಿಮ್ಮ ನಿಮ್ಮ ಗೇಜಿನ್ಯಾಗ ಬಂದಿರಬೇಕಲ್ಲ, ನೋಡಿಲ್ಲೇನು?"

ನೋಡಿರಲಿಲ್ಲ. ಹಸಿರು ಪಟ್ಟಿಯ ಸುದ್ದಿ ಸಿಕ್ಕಕೂಡಲೇ ಇಬ್ಬರೂ ಇಪ್ಪತ್ತು ವರ್ಷದ ರೂಢಿಯಂತೆ ಓಡಲು ಶುರುಮಾಡಿದ್ದರು. ಈಗ ಪರದೆಯ ಮೇಲೆ ನೋಡಿದರು. ಪತ್ರದ ಕೆಳಗೆ, 'ಒಪ್ಪಿಗೆ ದೊರೆತಿದೆ, 11:23'. ಅದರ ಕೆಳಗೆ, 'ಶಸ್ತ್ರಚಿಕಿತ್ಸೆ ಮಧ್ಯಾಹ್ನ ಮೂರು'. ಓಡಬೇಕಾಗಿಯೇ ಇರಲಿಲ್ಲ. ಮೈಲಾರಿ ನೆಲದ ಮೇಲೆ ಮೆಣಸಿನಕಾಯಿಗಳ ನಡುವೆ ಕೂತುಬಿಟ್ಟ. ಓಡಬೇಕಾಗಿರಲಿಲ್ಲ ಅನ್ನುವಷ್ಟು ಸಿಹಿಯಾದ ಸಂಗತಿ ಅವನ ಬದುಕಿನಲ್ಲಿ ಎಂದೂ ನಡೆದಿರಲಿಲ್ಲ.

ನಿರ್ದೇಶಕರು ಆದೇಶವನ್ನು ಕಳಿಸಿ ಮರಳಿದಾಗ ಮಧ್ಯಾಹ್ನ ಒಂದಾಗಿತ್ತು. ವಿಭಾವರಿ ಅವರನ್ನು ತಟ್ಟೆಯ ಬಳಿ ಕರೆದೊಯ್ದಳು. ಲಕ್ಷ ಕಾಳುಗಳ ನಡುವೆ ಶಾವಂತ್ರಿಯ ಕಾಳು ಹಸಿರಾಗಿ ಉರಿಯುತ್ತಿತ್ತು. ಎರಡೂ ಕಣ್ಣು ಒಂದೇ ಮಾತು ಹೇಳುತ್ತಿದ್ದವು. ಗಂಟೆ ಒಮ್ಮೆಯೂ ಹೊಡೆದಿರಲಿಲ್ಲ.

"ನಿಮ್ಮ ಆದೇಶ ಮುಟ್ಟೇತಿ ಸರ್," ಅಂದಳು. "ಆದ್ರ ಆಪರೇಷನ್ ಥೇಟರಿನವರು ಈಗ ಇದ ಪತ್ರ ನೋಡಿಕೊಂಡು ತಯಾರಿ ನಡಸ್ಯಾರ. ರಕ್ತದ ಗುಂಪು, ಹೊಂದಾಣಿಕೆ ಎಲ್ಲಾ ಇದರಾಗ ಐತಿ. ಮುಚ್ಚಲೇನ್ರಿ?"

ಸುದರ್ಶನ್ ಬಗ್ಗಿ ಕಾಳನ್ನು ನೋಡಿದರು. ಇಸ್ತ್ರಿಯ ಅಂಗಿ ಬೆವರಿನಿಂದ ಮುದ್ದೆಯಾಗಿತ್ತು. ಎರಡು ಸಲ 'ಮುಚ್ಚಿ' ಅನ್ನುವಂತೆ ಬಾಯಿ ತೆರೆದರು. ಮೂರನೆಯ ಸಲ ಬೇರೆಯೇ ಮಾತು ಬಂತು.

"ವಿಭಾವರಿ, ನನ್ನ ಖಾತೆಗೂ ಇದನ್ನ ಹಾಕಿಕೊಡೋಕಾಗುತ್ತಾ? ಮನೆಗೊಂದು, ಇಲ್ಲಿಗೊಂದು?"

"ಅರ್ಜಿ ಕೊಡ್ರಿ ಸರ್," ಅಂದಳು ಅವಳು. "ಮೈಲಾರಿ ಅರ್ಜಿ ಮೊದಲ ಮಂಜೂರಾಗಲಿ."

ಅಂದು ಸಂಜೆ ಏಳಕ್ಕೆ ಕಂಟ್ರೋಲ್ ರೂಮಿನಲ್ಲಿ ಊರಿನ ಹನ್ನೆರಡು ವಾಲ್ವ್‌ಮನ್‌ಗಳೂ ಸೇರಿದ್ದರು. ಶಸ್ತ್ರಚಿಕಿತ್ಸೆ ಆರಕ್ಕೇ ಮುಗಿದಿತ್ತು. ಫಕೀರವ್ವ ಆಸ್ಪತ್ರೆಯಲ್ಲಿದ್ದಳು. ಮೈಲಾರಿಯನ್ನು ಡಾಕ್ಟರು ಹೊರಗೆ ಕಳಿಸಿದ್ದರು. "ಕೂಡಿಸಿದ್ದು ಕೂಡಿದೆ. ಇನ್ನು ಅದು ಮೂತ್ರ ಮಾಡಬೇಕು. ಮಾಡಿದರೆ ಗೆದ್ದ ಹಾಗೆ. ಕೆಲವಕ್ಕೆ ದಿನಗಟ್ಟಲೆ ಬೇಕು, ಕೆಲವು ಶುರುಮಾಡುವುದೇ ಇಲ್ಲ," ಎಂದಿದ್ದರು. ಚೀಲಕ್ಕೆ ಎಷ್ಟು ಬಿತ್ತು ಅನ್ನುವುದನ್ನು ನರ್ಸಮ್ಮ ಶಾವಂತ್ರಿಯ ಖಾತೆಗೆ ಬರೆಯುತ್ತಿದ್ದಳು.

ಆರೂವರೆ: ಸೊನ್ನೆ.

ಏಳು: ಸೊನ್ನೆ.

ಎಲ್ಲರೂ ಪರದೆಯ ಸುತ್ತ ಒತ್ತಿ ನಿಂತರು. ಜೀವಮಾನವೆಲ್ಲ ಹರಿವು ಅಳೆದವರು, ಒಣ ಪೈಪಿನ ಸದ್ದು ಎಂಥದ್ದು ಅಂತ ಬಲ್ಲವರು. ಚಾಚಾ ಚಹಾ ತರಿಸಿದರು. ಚಹಾ ಆರಿತು. ಯಾರ್ಡಿನಿಂದ ಹೆಂಗಸರು ಒಂದರ ಮೇಲೊಂದು ಫೋನ್ ಮಾಡಿ ಕೇಳುತ್ತಿದ್ದರು, "ನಮ್ಮ ಗೇಜಿನ್ಯಾಗ ಸೊನ್ನಿ ಐತಿ, ನಿಮ್ಮಲ್ಲಿ?" ಇಲ್ಲೂ ಸೊನ್ನೆಯೇ, ಮತ್ತೇನು. ಮೈಲಾರಿ ಪರದೆಯಿಂದ ಒಂದಡಿ ದೂರದಲ್ಲಿ ನಿಂತಿದ್ದ, ರೆಪ್ಪೆ ಬಡಿಯದೆ.

ಏಳೂವರೆ: ನೂರಾ ಎಂಬತ್ತು ಮಿಲಿಲೀಟರ್.

ಯಾರ್ಡಿನಲ್ಲಿ ನೂರಾ ಎಂಬತ್ತು. ವಾರ್ಡಿನಲ್ಲಿ ನೂರಾ ಎಂಬತ್ತು. ಬೀಗ ಹಾಕಿದ ಮನೆಯಲ್ಲಿ ಯಾರೂ ನೋಡುವವರಿಲ್ಲದ ಪರದೆಯ ಮೇಲೂ ನೂರಾ ಎಂಬತ್ತು.

ದಾದಾಪೀರ್ ಚಾಚಾ ಕುರ್ಚಿ ಬಿಟ್ಟೆದ್ದು ಕಿಟಕಿ ತೆರೆದರು. ಮೂವತ್ತು ವರ್ಷದಿಂದ ಓಣಿ ಓಣಿಯ ಹೆಂಗಸರು ಕೊಡ ಹಿಡಿದುಕೊಂಡು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದ ಮಾತನ್ನು, ಕಂಟ್ರೋಲ್ ರೂಮಿನೊಳಗೆ ಎಂದೂ ಯಾರೂ ಕೂಗದ ಮಾತನ್ನು, ಎದೆಯೊಡೆಯುವ ಹಾಗೆ ಊರಿಗೆಲ್ಲ ಕೂಗಿದರು:

"ನೀರ್ ಬಂತೋ!"

ಹನ್ನೆರಡು ಗಂಟಲು ಅದನ್ನೇ ಕೂಗಿದವು. ಮೈಲಾರಿಯ ಕಣ್ಣಲ್ಲಿ ನೀರು ತುಂಬಿ ಹರಿಯುತ್ತಿತ್ತು, ಬಂದ್ ಮಾಡಲು ಅವನೂ ಹೋಗಲಿಲ್ಲ.